ಕಾಮಾಕ್ಷಿಪಾಳ್ಯದಲ್ಲಿ ಆಳ ನೋಡಿದ್ದು

ಮಲ್ಪೆಯಿಂದ ರಾತ್ರಿ ಬಸ್ಸಿನ ಪಾರ್ಸೆಲ್ಲಲ್ಲಿ ಬಂತು
ಹಳೇ ಲುಂಗಿ ಸುತ್ತಿದ ಸೋನಾರ್ ಪೆಟ್ಟಿಗೆ.
ಬಿಚ್ಚಿದರೆ ಉಪ್ಪು, ಡೀಸೆಲ್ಲು,
ಎಲ್ಲಿಂದಲೋ ಒಂದು ಒಣ ಸಿಗಡಿಯ ಮೀಸೆ.
ಜತೆಗೆ ವಾಮನ ಕರ್ಕೇರರ ಚೀಟಿ, ದುಂಡಕ್ಷರ:
‘ಪರದೆ ತುಂಬ ಮಳೆ ಹೊಡೆದ ಹಾಗೆ ಉಂಟು.
ಇಲ್ಲದ ನೆಲ ಎರಡೆರಡು ಕಾಣುತ್ತದೆ.
ಸ್ವಲ್ಪ ಶುದ್ಧ ಮಾಡಿ ಕಳಿಸಿ.’

ನಾನು ಕಡಲು ಕಂಡದ್ದು ಎರಡೇ ಸಲ,
ಅದೂ ದಡದಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು.
ನನಗಿರುವ ಕಡಲು ಹಿತ್ತಿಲ ಸಿಮೆಂಟು ತೊಟ್ಟಿ.
ಐದಡಿ. ಒಂದು ಕಾಲಕ್ಕೆ ಇಲ್ಲಿ
ರೇಷ್ಮೆ ಲಡಿಗಳನ್ನು ಬಣ್ಣಕ್ಕೆ ಅದ್ದುತ್ತಿದ್ದರಂತೆ,
ಗೋಡೆಯಲ್ಲಿನ್ನೂ ರಾಣಿ ಬಣ್ಣದ ಅಂಚಿದೆ.
ಹಗ್ಗ ಕಟ್ಟಿ ಯಂತ್ರದ ಕಿವಿಯನ್ನು ನೀರಿಗೆ ಬಿಟ್ಟರೆ
ಮಹಡಿಯಿಂದ ಪುಟ್ಟತಾಯಮ್ಮ:
‘ಏನಮ್ಮಾ, ಕೊಡ ಬಿತ್ತಾ?’
ಕೊಡ ಅಲ್ಲ, ಕಿವಿ ಅಂದೆ.
ಟ್ಯಾಂಕರಿಗೆ ಏಳ್ನೂರು ಕೊಟ್ಟವರು ಅವರು,
ನಗಲಿಲ್ಲ.

ಐದು ಎಂದಿತು ಪರದೆ. ಹತ್ತು ಎಂದಿತು. ಹದಿನೈದು.
ಹೋದ ಸದ್ದು ತಳಕ್ಕೆ ಬಡಿದು, ಮೇಲೆ ಬಂದು,
ನೀರಿನ ಚರ್ಮಕ್ಕೆ ತಲೆ ತಾಗಿ ಮತ್ತೆ ಕೆಳಗಿಳಿದು
ಹೊಸ ನೆಂಟಳ ಹಾಗೆ ಬಾಗಿಲು ತಟ್ಟುತ್ತದೆ.
ನಡುವೆ ಗೋಡೆಗಳೂ ಬಾಯಿ ಹಾಕುತ್ತವೆ.
ಹರಿದ ಹಾಸಿಗೆಯ ತೆಂಗಿನ ನಾರು ಬಿಡಿಸಿ
ನಾಲ್ಕೂ ಬದಿಗೆ ತೂಗುಹಾಕಿದೆ,
ಗೇನು ತಗ್ಗಿಸಿದೆ, ಒಂದು ಗೆರೆ, ಇನ್ನೊಂದು ಗೆರೆ,
ಹದಿನೈದು ಹೋಯಿತು. ಹತ್ತು ಮಸುಕಾಯಿತು.

ಆದರೂ ಓರೆ ಓರೆ ಗೀರು, ಗರಗಸದ ಹಲ್ಲಿನಂತೆ.
ಕಾದೆ. ಹನ್ನೊಂದೂವರೆಗೆ ತಾನಾಗಿ ನಿಂತಿತು,
ಹನ್ನೆರಡಕ್ಕೆ ಮತ್ತೆ ಬಂತು.
ಚಹಾ ಕುಡಿಯುವ ಅಲೆ ಯಾವುದಿದು?
ಗೋಡೆಯಾಚೆ ಸೆಲ್ವರಾಜನ ವೆಲ್ಡಿಂಗು!
ಒಂದೇ ಕಂಬದ ಕರೆಂಟು ಇಬ್ಬರಿಗೂ.

ಹಾಗಾದರೆ ದೋಣಿಯಲ್ಲೂ ಹೀಗೇ ಎಂದು ಫೋನು ಹಚ್ಚಿದೆ:
ಆಲ್ಟರ್ನೇಟರಿನ ಪಕ್ಕ ವೈರು ಎಳೆಯಬೇಡಿ,
ಬ್ಯಾಟರಿಯಿಂದ ನೇರ ತನ್ನಿ, ತಂತಿಗೆ ಈ ಕಪ್ಪು ಉಂಗುರ ತೊಡಿಸಿ.
ತಳಕ್ಕೆ ಕಚ್ಚಿದ ಚಿಪ್ಪು ಹೆರೆಯಿರಿ.
ಪಕ್ಕದ ದೋಣಿಯ ಸೋನಾರು
ನಿಮ್ಮದೇ ಸ್ವರದಲ್ಲಿ ಕೂಗುತ್ತಿದ್ದರೆ
ನೀವು ಸ್ವರ ಬದಲಿಸಿ, ಜಗಳ ಬೇಡ.
ಹೂಂ, ಹೂಂ ಎಂದರು.
ನಾನು ಸುಮ್ಮನಿರಬೇಕಿತ್ತು.
ಸೋಸುವ ಗುಂಡಿಯನ್ನು ತುದಿಯವರೆಗೆ, ಐದಕ್ಕೆ, ತಿರುಗಿಸಿ
ತೊಳೆದ ಸ್ಲೇಟಿನಂಥ ಪರದೆಯನ್ನು
ಹೆಮ್ಮೆಯಿಂದ ಅದೇ ಲುಂಗಿಯಲ್ಲಿ ಸುತ್ತಿದೆ.

ಒಂಬತ್ತನೆಯ ದಿನ ಕರೆ.
‘ಪರದೆ ಭಾರೀ ಚಂದ ಉಂಟು ಮಾರಾಯ್ರೆ.
ಮೀನು ಮಾತ್ರ ಇಲ್ಲ. ಮೂರು ದಿನ ಆಯ್ತು.
ಆಚೆ ದೋಣಿಯವರಿಗೆ ಬಲೆ ತುಂಬ ಬೂತಾಯಿ.’

ಬೂತಾಯಿ ಅಂದರೆ ಮೀನೆಂದು ನನಗೆ ತಿಳಿದದ್ದು ತಡವಾಗಿ,
ಮೊದಲ ಸಲ ಕೇಳಿ ಕೈಮುಗಿಯುವವಳಿದ್ದೆ.
ಗೇಣುದ್ದದ ಮೈ, ಚದುರಿದ ಹಿಂಡು,
ಬಂದ ಮಾರ್ದನಿ ದೂಳಿನಷ್ಟು ತೆಳು.
ದೂಳೆಂದೇ ಗುಡಿಸಿದ್ದೆ ನಾನು.

ಎರಡು ಮೆಟ್ಟಿಲು ಇಳಿಸಿ ಅಂದೆ.
‘ಇಳಿಸಿದೆ. ಅಯ್ಯೋ, ಮಳೆ ಬಂತು.’
ಬರಲಿ. ಆ ಮಳೆಯಲ್ಲಿ ಒಂದು ಕಡೆ
ಹನಿ ದಟ್ಟವಾಗಿದೆಯೋ ನೋಡಿ.
ಉತ್ತರವಿಲ್ಲ. ಇಂಜಿನ್ನು. ಗಾಳಿ.
ಹಿಂದೆ ಯಾರೋ ತುಳುವಿನಲ್ಲಿ ಕಿರುಚಿದರು,
ಮತ್ತೆ ಇನ್ನೊಬ್ಬರು. ಫೋನು ಕಟ್ಟಾಯಿತು.

ಅದು ಹಿಗ್ಗೋ, ಬೈಗುಳವೋ,
ನನಗೆ ತುಳು ಬರುವುದಿಲ್ಲ.
ಲೆಕ್ಕದ ಪುಸ್ತಕ ತೆಗೆದು ಬರೆದೆ:
ಕರ್ಕೇರ. ಸೋಸುವುದು ಐದರಿಂದ ಮೂರಕ್ಕೆ.
ಬಾಕಿ ಮುನ್ನೂರು.
ಗೋಡೆಯಾಚೆ ಸೆಲ್ವರಾಜ ಚಹಾ ಮುಗಿಸಿ ಬಂದ.